ಮರೆವಿನವರಿಗೆ ಪಾಸ್‌ವರ್ಡ್ ಕೊಟ್ಟ ಕಚೇರಿಗೆ

ಮಾನ್ಯ ಯೋಜನಾಧಿಕಾರಿಗಳೇ,

ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಮರೆವು ಹತ್ತಿದವರಿಗೆಂದು ನೀವು ನಡೆಸುವ ‘ಮನೆಯಲ್ಲೇ ಮೆದುಳಿನ ತರಬೇತಿ’ಯಿಂದ ನನ್ನ ಹೆಸರು ತೆಗೆದುಹಾಕಿದ್ದೀರಿ. ನಾನು ಮಾಡಿದ ತಪ್ಪು, ಪಾಸ್‌ವರ್ಡ್ ಮರೆತದ್ದು. ಮರೆವಿಗೆ ಮದ್ದು ಬೇಕಾದರೆ ಮೊದಲು ಮರೆಯದೇ ಇರಬೇಕು ಎಂದು ನಿಯಮ ಬರೆದ ಮಹಾನುಭಾವರಿಗೆ ದೊಡ್ಡ ನಮಸ್ಕಾರ. ಕುಂಟುವವರಿಗೂ ಒಂದು ಸುತ್ತು ಓಡಿಸಿ ನೋಡಿಯೇ ಊರುಗೋಲು ಕೊಡುತ್ತೀರಾ?

ನಾನು ಪಿರಿಯಾಪಟ್ಟಣ ತಾಲ್ಲೂಕಿನವಳು. ಇಪ್ಪತ್ತೆರಡು ವರ್ಷ ಹೊಗೆಸೊಪ್ಪು ಗ್ರೇಡ್ ಮಾಡಿದ್ದೇನೆ. ಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ನಿನಿಂದ ಇಳಿದ ಎಲೆಯ ಬಣ್ಣ, ದಪ್ಪ, ಕಲೆ ನೋಡಿ ಬೇರೆ ಬೇರೆ ಗುಡ್ಡೆ ಹಾಕುವ ಕೆಲಸ. ಅನುಮಾನ ಬಂದ ಎಲೆಯನ್ನು ಓಣಿಯ ಹೆಂಗಸರು ನನ್ನ ಹತ್ತಿರವೇ ತರುತ್ತಿದ್ದರು. ಎದೆಯಲ್ಲಿ ಗಂಟು ಬಂತು, ಆಪರೇಷನ್ ಆಯಿತು, ಆರು ಕೀಮೋ ಆಯಿತು. ಕೂದಲು ವಾಪಸ್ ಬಂತು, ಬುದ್ಧಿ ಮಾತ್ರ ಪೂರ್ತಿ ಬರಲಿಲ್ಲ. ಹೋದ ವರ್ಷ ಒಳ್ಳೆ ಬಣ್ಣದ ಗುಡ್ಡೆಗೆ ಹಸಿರು ಕಲೆಯ ಎಲೆ ಸೇರಿಸಿಬಿಟ್ಟೆ. ಹರಾಜಿನಲ್ಲಿ ನಮ್ಮ ಸೊಪ್ಪಿನ ಮೂಟೆ, ಅದೇ ಬೇಲ್, ಬಿಚ್ಚಿ ನೋಡಿದವರು ಮಿಕ್ಸ್ ಇದೆ ಎಂದು ತಳ್ಳಿದರು, ಸರಿಯಾಗಿಯೇ ತಳ್ಳಿದರು.

ಆಮೇಲೂ ಮನೆಯಲ್ಲಿ ಯಾರೂ ಬಯ್ಯಲಿಲ್ಲ. ಒಂದು ಸಂಜೆ ಮರೆತ ಕನ್ನಡಕ ತರಲು ಸೊಪ್ಪು ಆರಿಸುವ ಕೊಟ್ಟಿಗೆಗೆ ವಾಪಸ್ ಹೋದೆ. ಓರಗಿತ್ತಿ ವೀರಮ್ಮ ನನ್ನ ಗುಡ್ಡೆ ಕೆದಕಿ ಮೊದಲಿಂದ ಆರಿಸುತ್ತಾ ಕೂತಿದ್ದಳು.

“ಏನ್ ಮಾಡ್ತಿದ್ದೀಯೆ?” ಎಂದೆ.

“ಏನೂ ಇಲ್ಲ ಬುಡಕ್ಕ, ಸುಮ್ನೆ ನೋಡ್ತಿದ್ದೆ ಕಣಕ್ಕ,” ಎಂದು ಎಲೆಯನ್ನು ಸೆರಗಿನಡಿ ಮುಚ್ಚಿಕೊಂಡಳು.

ಎಷ್ಟು ದಿನದಿಂದ ಹಾಗೆ ಮಾಡುತ್ತಿದ್ದಳೋ ನಾನು ಕೇಳಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ.

ಆಗಲೇ ನಿಮ್ಮ ತರಬೇತಿಗೆ ಸೇರಿದ್ದು. ಅದರಿಂದ ಉಪಯೋಗ ಆಗಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಫೋನಿನ ಪರದೆಯಲ್ಲಿ ನೋಡಿ ನೆನಪಿಡಬೇಕಾದದ್ದು ಸ್ಟ್ರಾಬೆರಿ, ಪೆಂಗ್ವಿನ್, ನಾನು ಜನ್ಮದಲ್ಲಿ ಮುಟ್ಟದ ಸಾಮಾನು, ಎಲ್ಲಾ ಇಂಗ್ಲಿಷು. ಆದರೂ ಕೆರೆ ಏರಿ ಮೇಲೆ, ಸಿಗ್ನಲ್ ಸಿಗುವ ಕಡೆ ಕೂತು ಮೂರು ವಾರ ಬಿಡದೆ ಮಾಡಿದೆ. ಅಂಗಡಿಗೆ ಹೋದವಳು ಚೀಟಿಯಿಲ್ಲದೆ ನಾಲ್ಕು ಸಾಮಾನು ತಂದೆ. ಆಮೇಲೆ ಸುರಕ್ಷತೆಗಾಗಿ ಪಾಸ್‌ವರ್ಡ್ ಬದಲಾಯಿಸಿ ಎಂದು ಮೆಸೇಜ್ ಬಂತು. ಎಲ್ಲೂ ಬರೆದಿಡಬಾರದು ಎಂಬ ಎಚ್ಚರಿಕೆ ಬೇರೆ. ವಿಧೇಯಳಾಗಿ ಬರೆದಿಡಲಿಲ್ಲ, ವಿಧೇಯಳಾಗಿ ಮರೆತೆ.

ಫೋನ್ ಮಾಡಿದರೆ ನಿಮ್ಮ ಸಿಬ್ಬಂದಿ, “ಖುದ್ದಾಗಿ ಮೈಸೂರಿಗೆ ಬನ್ನಿ ಅಮ್ಮ, ಇಲ್ಲಾಂದ್ರೆ ಆಗಲ್ಲ,” ಎಂದರು. ಮನೆಯಲ್ಲೇ ತರಬೇತಿ ಎಂದರೆ ಯಾರ ಮನೆ ಸ್ವಾಮಿ? ಹೊರಟೆ. ದಾರಿಮಧ್ಯೆ ಹುಣಸೂರಿನಲ್ಲಿ ಬಸ್ ನಿಂತಾಗ ಎಲ್ಲರ ಜೊತೆ ಇಳಿದೆ. ಯಾಕೆ ಬಂದೆ, ಎಲ್ಲಿಗೆ ಹೋಗಬೇಕು, ಒಂದೂ ತೋಚಲಿಲ್ಲ. ಎರಡು ಗಂಟೆ ಕಲ್ಲುಬೆಂಚಿನ ಮೇಲೆ ಕೂತು, ಪಿರಿಯಾಪಟ್ಟಣ ಎಂಬ ಬೋರ್ಡು ಕಂಡ ಬಸ್ಸು ಹತ್ತಿ ಊರಿಗೆ ಬಂದೆ. ಮುಂದಿನ ವಾರ ನಿಮ್ಮ ಪತ್ರ ಬಂತು: ‘ಫಲಾನುಭವಿ ಆಸಕ್ತಿ ತೋರಿಸಿಲ್ಲ.’

ಈ ಕಾಗದಕ್ಕೆ ಒಂಬತ್ತು ದಿನ ಹಿಡಿದಿದೆ. ಬರೆದದ್ದನ್ನೇ ಮತ್ತೆ ಬರೆದಿದ್ದೆ, ನನ್ನವರು ಕನಕರಾಜು ಓದಿ ಹೊಡೆದುಹಾಕಿದರು. ಆಸಕ್ತಿಯಿಲ್ಲದವಳ ಲಕ್ಷಣವೇ ಇದು?

ನನ್ನ ಹೆಸರು ವಾಪಸ್ ಸೇರಿಸಿ. ಪಾಸ್‌ವರ್ಡ್ ತೆಗೆಯಿರಿ. ಕನ್ನಡದಲ್ಲಿ, ರಾಗಿ, ಸೊಪ್ಪು, ಪಾತ್ರೆಗಳ ಚಿತ್ರವಿರುವ ಕಾರ್ಡು ಮಾಡಿಸಿ, ವಾರಕ್ಕೊಮ್ಮೆ ಒಬ್ಬರನ್ನು ಮನೆಗೆ ಕಳಿಸಿ. ಈ ಸಲದ ಸೊಪ್ಪು ಬ್ಯಾರನ್ನಿನಿಂದ ಇಳಿಯುವುದರೊಳಗೆ ಆಗಬೇಕು. ನಾನು ಹಾಕಿದ ಗುಡ್ಡೆಯನ್ನು ವೀರಮ್ಮ ಹಾಗೇ ಎತ್ತಿ ಬೇಲ್‌ಗೆ ತುಂಬಬೇಕು. ನನಗೆ ಬೇಕಾದದ್ದು ಅಷ್ಟೇ.

ಇಂತಿ,
ನಿಮ್ಮ ಕಡತದ ಪ್ರಕಾರ ಆಸಕ್ತಿಯಿಲ್ಲದ,
ಮಲ್ಲಾಜಮ್ಮ