ಹುಬ್ಬಳ್ಳಿ ದವಾಖಾನೆಯಲ್ಲಿ ನೀನು ಹಿಡಿದ ಕೈ

ಸವಣೂರು
ಮಾರ್ಗಶಿರ, ೧೯೪೩

ಹೆರಿಗೆಗೆಂದು ಹಿರೇಕೆರೂರಿನ ತವರಿಗೆ ಹೋಗಿರುವ ಸೊಸೆ ಸರೋಜವ್ವನಿಗೆ ನಿನ್ನ ಮಾವ ಚನ್ನವೀರಪ್ಪನ ಆಶೀರ್ವಾದ.

ಎದುರಿಗೆ ಕೂತು ಹೇಳಬೇಕಾದ ಮಾತುಗಳಿವು. ಆದರೆ ನಮ್ಮ ಮನೆಯಲ್ಲಿ ಮಾವ ಸೊಸೆಯನ್ನು ಎದುರಿಗೆ ಹೊಗಳುವ ರೂಢಿಯಿಲ್ಲ. ಶುರುಮಾಡಿದರೆ ನೀನು ಸೆರಗು ಸರಿಮಾಡಿಕೊಂಡು ಒಳಗೆ ಹೋಗಿಬಿಡುತ್ತೀ. ಶಾಲೆ ಕಲಿತವಳು, ಕಾಗದವಾದರೆ ಓದಲೇಬೇಕು.

ಹೋದ ವರ್ಷ ನನ್ನ ಮೂತ್ರಕೋಶದ ಕಲ್ಲು ತೆಗೆಸಲು ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವಲ್ಲ. ಆಪರೇಶನ್ ಚೆನ್ನಾಗಿಯೇ ಆಯಿತಂತೆ. ಕೆಟ್ಟದ್ದು ನನ್ನ ತಲೆ. ಹೊರಗಿನಿಂದ ನೀವೆಲ್ಲ ನೋಡಿದಿರಿ; ಒಳಗಿನಿಂದ ಅದು ಹೇಗಿತ್ತೆಂದು ನಿನಗೆ ಹೇಳಿಯೇ ಇಲ್ಲ. ನನ್ನ ಪಾಲಿಗೆ ಅದು ದವಾಖಾನೆಯಲ್ಲ, ನಮ್ಮ ವೀಳ್ಯದೆಲೆಯ ತೋಟ. ಹೊದ್ದ ಕೌದಿಯ ತುಂಬ ಬಳ್ಳಿ ಹಬ್ಬಿತ್ತು. ಎಲ್ಲಿಂದಲೋ ನೀರು ನುಗ್ಗುತ್ತಿತ್ತು. ಕೊಳೆಯುವುದರೊಳಗೆ ಎಲೆಯನ್ನೆಲ್ಲ ಕೀಳಬೇಕಿತ್ತು. ಯಾರೋ ಹೆಂಗಸು ನನ್ನ ಕೈ ಹಿಡಿಯುತ್ತಿದ್ದಳು. ಎಲೆ ಕದಿಯಲು ಬಂದವಳೆಂದು ಅವಳ ಕೆನ್ನೆಗೆ ಹೊಡೆದೆ. ಆ ಹೆಂಗಸು ನೀನು.

ನಾನು ಬರೀ ಕೌದಿಯನ್ನು ಕೀಳುವುದನ್ನು ಕಂಡು ನಿನ್ನ ಗಂಡ ನಾಗಪ್ಪ ಅತ್ತನಂತೆ. "ಅಪ್ಪನ ಕತಿ ಮುಗೀತು. ಉಸಿರು ಇರೂದ್ರಾಗ ಊರಿಗೆ ಒಯ್ಯೂಣು" ಎಂದನಂತೆ. ದೊಡ್ಡ ಡಾಕ್ಟರರೂ ಸುಳ್ಳು ಧೈರ್ಯ ಕೊಡಲಿಲ್ಲ. ವಯಸ್ಸಾದವರಿಗೆ ಆಪರೇಶನ್ ಆದ ಮೇಲೆ ಹೀಗೆ ಬುದ್ಧಿ ಕದಡಿದರೆ ಅನೇಕರು ಮನೆಗೆ ಮರಳುವುದಿಲ್ಲ, ಮರಳಿದವರಲ್ಲೂ ಹಲವರು ವರ್ಷ ದಾಟುವುದಿಲ್ಲ ಎಂದರು. ಗಾಯಕ್ಕೆ ಕೈ ಹಾಕಿಯೇನೆಂದು ನನ್ನ ಕೈ ಕಟ್ಟಲು ದವಾಖಾನೆಯವರು ಪಟ್ಟಿ ತಂದಾಗ ನೀನು ಅಡ್ಡ ನಿಂತೆ. "ಕಟ್ಟಬ್ಯಾಡ್ರಿ. ಕಟ್ಟಿದ್ರ ಇನ್ನಷ್ಟು ಹೆದರತಾರ. ಕೈ ನಾ ಹಿಡ್ಕೊಂಡು ಕುಂದರ್ತೇನಿ" ಎಂದೆಯಂತೆ.

ಕುಳಿತೇಬಿಟ್ಟೆ. ಕಿಟಕಿ ತೆಗೆಸಿದೆ. ನನ್ನ ಚಸ್ಮಾ ಹುಡುಕಿ ಮೂಗಿಗೇರಿಸಿದೆ. ಗುಟುಕು ಗುಟುಕಾಗಿ ಗಂಜಿ ಕುಡಿಸಿದೆ, ಉಗುಳಿದರೆ ಒರೆಸಿ ಮತ್ತೆ ಕುಡಿಸಿದೆ. ನಾನು ಕೇಳಿದಷ್ಟು ಸಲವೂ ಬೇಸರವಿಲ್ಲದೆ ಅದೇ ಮಾತು: "ನಾ ಸರೋಜಿ ಅದೇನ್ರಿ ಮಾವಾರ. ಇದು ಹುಬ್ಬಳ್ಳಿ ದವಾಖಾನಿ. ಕಲ್ಲು ತಗದಾರ, ಆರಾಮ ಆಗ್ತೀರಿ." ತೀರಿಹೋದ ನಿನ್ನ ಅತ್ತೆಯನ್ನು ನಾನು ಕೂಗಿ ಕರೆದಾಗ ಉಳಿದವರು "ನಾಳಿ ಬರ್ತಾಳ" ಎನ್ನುತ್ತಿದ್ದರು. ನೀನು ಮಾತ್ರ "ಅತ್ತಿಯಾರು ಈಗ ಇಲ್ರಿ. ನಾ ಅದೇನಿ" ಎಂದೆ. ಆ ಬಳ್ಳಿ, ಆ ನೀರಿನ ನಡುವೆ ನನ್ನ ಕಿವಿಗೆ ಬಿದ್ದ ಮೊದಲ ನಿಜ ಅದು. ಅದನ್ನು ಹಿಡಿದುಕೊಂಡೇ ನಾನು ಹೊರಗೆ ಬಂದದ್ದು ಎಂದು ನನ್ನ ನಂಬಿಕೆ.

ಪಕ್ಕದ ಮಂಚದಲ್ಲಿ ಅಕ್ಕಿಆಲೂರಿನ ನಬೀಸಾಬರಿದ್ದರು, ಕೊಳೆತ ಕಾಲು ತೆಗೆಸಿಕೊಂಡವರು. ಅವರು ಕೂಗಲಿಲ್ಲ, ಹೊಡೆಯಲಿಲ್ಲ. ಅರ್ಧ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದರು. ಎಂಥ ಶಾಂತ ರೋಗಿ ಎಂದು ಎಲ್ಲರೂ ಮೆಚ್ಚಿದರು. ನಿನಗೆ ಆ ಶಾಂತಿ ಸರಿ ಕಾಣಲಿಲ್ಲ. ಅವರ ಹೆಂಡತಿ ಬಿಬಿಜಾನಳಿಗೆ, "ಇದು ನಿದ್ದಿ ಅಲ್ರಿ ಅಕ್ಕಾ, ಇವರ ಬುದ್ಧಿನೂ ಕದಡೇತಿ. ಮಾತಾಡಸ್ರಿ, ನೀರು ಕುಡಸ್ರಿ" ಎಂದೆ. ನನ್ನ ಗಂಜಿಯಲ್ಲಿ ಅವರಿಗೂ ಪಾಲು ಕೊಟ್ಟೆ. ಅವರು ಉಳಿಯಲಿಲ್ಲ. ಬಿಬಿಜಾನಳನ್ನು ತಬ್ಬಿ ಅತ್ತು, ಮುಖ ತೊಳೆದುಕೊಂಡು, ಮತ್ತೆ ಬಂದು ನನ್ನ ಕೈ ಹಿಡಿದೆಯಂತೆ. ಪಟ್ಟ ಶ್ರಮ ವ್ಯರ್ಥವಾಗಬಹುದೆಂದು ಕಣ್ಣಾರೆ ಕಂಡ ಮೇಲೂ ಬಂದು ಕುಳಿತೆಯಲ್ಲ.

ಒಂದು ಬೆಳಿಗ್ಗೆ ಕೌದಿ ಬರೀ ಕೌದಿಯಾಗಿತ್ತು. ನೀನು ಕುಳಿತಲ್ಲೇ ತೂಕಡಿಸುತ್ತಿದ್ದೆ. "ಸರೋಜವ್ವಾ, ನೀ ಉಂಡೀಯೇನ?" ಎಂದೆ. ನೀನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ನಾನು ಪೂರ್ತಿ ಮೊದಲಿನವನಾಗಿಲ್ಲ. ಹೆಸರುಗಳು ಜಾರುತ್ತವೆ, ವಾರ ಮರೆಯುತ್ತದೆ. ಆದರೂ ವರ್ಷ ದಾಟಿದ್ದೇನೆ.

ಈಗ ಹೊಸ ಸುದ್ದಿ ಕೇಳು. ನಮ್ಮ ಓಣಿಯ ಖಾರದ ಅಂಗಡಿ ನೀಲಪ್ಪ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ. ಎರಡೂ ಕಣ್ಣಿಗೆ ಪಟ್ಟಿ. ಆ ಕತ್ತಲಲ್ಲಿ ಅವನ ಬುದ್ಧಿಯೂ ಕದಡಿ, ಮನೆಯೊಳಗೆ ಹುಲಿ ಬಂದಿದೆಯೆಂದು ಚೀರತೊಡಗಿದ. ಅವನ ಹೆಂಡತಿ ಅಡಿವೆವ್ವ ನಮ್ಮ ಬಾಗಿಲಿಗೆ ಓಡಿಬಂದು, "ನಿಮ್ಮ ಸೊಸಿ ಎಲ್ಲಿ ಅದಾಳ್ರಿ? ಆಕಿನ್ನ ಕಳಸ್ರಿ" ಎಂದಳು. ವೈದ್ಯರನ್ನಲ್ಲ, ಮಂತ್ರ ಹಾಕುವವರನ್ನಲ್ಲ, ಆಕೆ ಕೇಳಿದ್ದು ನಿನ್ನನ್ನು. ನೀನಿಲ್ಲವಲ್ಲ, ನಾನೇ ಕೋಲೂರಿಕೊಂಡು ಹೋದೆ. ಅವನ ಕೈ ಹಿಡಿದು, "ನಾ ಚನ್ನವೀರ ಅದೇನೋ. ನೀ ನಿನ್ನ ಮನ್ಯಾಗ ಅದಿ" ಎನ್ನುತ್ತ ಕುಳಿತೆ. ನಿನ್ನ ತಾಳ್ಮೆ ನನಗೆಲ್ಲಿಂದ ಬರಬೇಕು? ನಡುನಡುವೆ ಗದರಿದ್ದೂ ಉಂಟು. ನಿನ್ನೆ ಅವನು ನನ್ನ ಕೈ ಒತ್ತಿ, "ಚನ್ನವೀರಾ, ಯಾವಾಗಿಂದ ಇಲ್ಲೇ ಕುಂತೀಯಲ್ಲೋ, ನಿನಗ ಬ್ಯಾರೆ ಕೆಲಸ ಇಲ್ಲೇನ?" ಎಂದ. ಅಡಿವೆವ್ವ ನಕ್ಕಳು, ಆಮೇಲೆ ಗೋಡೆ ಹಿಡಿದು ಅತ್ತಳು.

ತವರಿನಲ್ಲಿ ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ಹೆರಿಗೆ ಸುಸೂತ್ರವಾಗಲಿ, ನಿನ್ನ ಮಡಿಲು ತಂಪಾಗಿರಲಿ.

ನಿನ್ನಿಂದಾಗಿ ಈ ಕಾಗದ ಬರೆಯಲು ಉಳಿದಿರುವ,
ನಿನ್ನ ಮಾವ
ಚನ್ನವೀರಪ್ಪ