ಮುಂದಿನ ಸಾಲಿನ ಯಜಮಾನರು ಲೊಚಗುಟ್ಟಿದ್ದು

ಹಾಸನ, ಸೋಮವಾರ

ಶೋಭಿತಾಳ ತಾತನಿಗೆ ಅವಳ ಅಜ್ಜಿಯ ನಮಸ್ಕಾರ. ಫೋನಿನಲ್ಲಿ ಹೇಳಿದರೆ ನಕ್ಕು ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾರ್ಡು.

ಮಕ್ಕಳ ಗಾಯನ ತಂಡದ ಸಹಾಯಕ್ಕೆಂದು ನಿನ್ನೆ ಇಲ್ಲಿ ಸಂಗೀತ ಕಚೇರಿ ಇತ್ತು. ದೊಡ್ಡ ವಿದ್ವಾಂಸರಿಗಿಂತ ಮುಂಚೆ ಮಕ್ಕಳದೊಂದು ಕೀರ್ತನೆ. ಅದರ ಮೊದಲ ಸಾಲನ್ನು ನಮ್ಮ ಮಗು ಒಬ್ಬಳೇ ಹಾಡಬೇಕು. ಬೆಳಗಿನಿಂದ ಅವಳ ಗಂಟಲು ಕಟ್ಟಿತ್ತು, ಬಿಸಿನೀರು ಕುಡಿಸಿ ಕುಡಿಸಿ ಕಳಿಸಿದ್ದೆ. ಅವಳು ಬಾಯಿ ತೆರೆದದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಯಜಮಾನರೊಬ್ಬರು ತಲೆ ಅಲ್ಲಾಡಿಸಿ ಲೊಚಗುಟ್ಟಿದರು. ನಮ್ಮ ಹಳೇಕೋಟೆಯಲ್ಲಿ ಸಾವಿನ ಮನೆಯಲ್ಲಷ್ಟೇ ಹಾಗೆ ಲೊಚಗುಟ್ಟುವುದು! ಹಾಡು ಮುಗಿದ ಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ.

“ಯಾಕ್ ಸಾ, ಮಗ ಅಷ್ಟ್ ಕೆಟ್ಟದಾಗ್ ಆಡ್ಬುಟ್ಲಾ?”

“ಅಯ್ಯೋ ತಾಯಿ, ಬಲು ಚೆನ್ನಾಗಿ ಹಾಡಿದ್ಳು! ಕಚೇರೀಲಿ ಮೆಚ್ಕೊಳ್ಳೋದೇ ಹೀಗೆ,” ಎಂದು ನಕ್ಕರು. ಆಗ ನನಗೆ ಉಸಿರು ಬಂತು.

ಮಂಡಿನೋವು ಹಾಗೇ ಇದೆ. ನೀವು ಬಿ.ಪಿ. ಮಾತ್ರೆ ಮರೆಯಬೇಡಿ, ಗ್ಯಾಸ್ ಆರಿಸಿ ಮಲಗಿ. ಭಾನುವಾರ ಬರುತ್ತೇವೆ. ನಲವತ್ತು ವರ್ಷದಿಂದ ನನ್ನ ಸಾರು ಬಾಯಿಗಿಟ್ಟಾಗಲೆಲ್ಲ ಲೊಚಗುಟ್ಟುತ್ತೀರಲ್ಲ, ಅದು ಹಾಸನದ್ದೋ ಹಳೇಕೋಟೆಯದ್ದೋ, ಅಷ್ಟರೊಳಗೆ ಯೋಚಿಸಿಟ್ಟುಕೊಳ್ಳಿ.

ಕಾರ್ಡಿನಲ್ಲಿ ಜಾಗ ಇಲ್ಲ.

ಸಣ್ಣಕ್ಕ