ವಿಭೂತಿ ಹಚ್ಚಿದ ಚಿಗರಿ

ಉದಗೀರ
14 ಮಾರ್ಚ್ 2004

ಅವ್ವಾ,

'ನಾನಿಲ್ಲಿ ಕ್ಷೇಮ' ಎಂದು ಶುರು ಮಾಡುವಷ್ಟು ಸಮಾಧಾನ ಇವತ್ತು ನನಗಿಲ್ಲ. ಮೊನ್ನೆ ತುರೋರಿಯಿಂದ ನಿನ್ನ ಜೊತೆ ಮಾತಾಡದೆ ಬಸ್ಸು ಹತ್ತಿದೆನಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ಎದುರಿಗೆ ಹೇಳಿದರೆ ನೀನು ಅಳುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹೊಲದಲ್ಲಿ ಚಿಗರಿಯೊಂದು ಸತ್ತಿದೆ, ಎರಡು ವಾರದಲ್ಲಿ ಇದು ಮೂರನೆಯದು ಎಂದು ನಾಗನಾಥ ಕಾಕಾ ಫೋನ್ ಮಾಡಿದಾಗ ನಾನು ಹೇಳಿದ್ದು ಇಷ್ಟೇ: ನೆರಳಿಗೆ ಹಾಕಿ, ಒದ್ದೆ ಗೋಣಿತಟ್ಟು ಹೊದಿಸಿ, ಯಾರೂ ಮುಟ್ಟಬೇಡಿ. ಐಸಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಓಡಿ ಬಂದೆ. ನಿಲಂಗಾದಲ್ಲಿ ಬಸ್ಸು ಕೆಟ್ಟಿತು. ಉಮರ್ಗಾ ಬಸ್ಸಿನ ಕಂಡಕ್ಟರ್ ಡಬ್ಬಿಯನ್ನು ಮೂಸಿ, "ಮಾಸೆ ಆಹೇತ್ ಕಾ?" ಎಂದ. ಲಿಂಗ ಕಟ್ಟಿಕೊಂಡವಳ ಕೈಯಲ್ಲಿ ಮೀನು! ಅದನ್ನೂ ನುಂಗಿಕೊಂಡೆ.

ಬಂದು ನೋಡಿದರೆ ನೀನು ಅದನ್ನು ಮಣ್ಣು ಮಾಡಿಬಿಟ್ಟಿದ್ದೆ. ಅದೂ ಹೇಗೆ? ನಮ್ಮ ಹಿರಿಯರನ್ನು ಇಡುವಂತೆ ಕುಣಿ ತೋಡಿಸಿ, ಕೂಡಿಸಿ, ಉಪ್ಪು ಸುರಿದು, ಹಣೆಗೆ ವಿಭೂತಿ ಹಚ್ಚಿ, ಮೇಲೆ ಬಿಲ್ವಪತ್ರೆ. "ಶಿವನ ಕೈಯಾಗಿನ ಚಿಗರಿ ಅದ. ನಾಯಿ ಪಾಲ ಮಾಡಲೇನ?" ಎಂದು ನೀನು ನನ್ನನ್ನೇ ಕೇಳಿದೆ. ನಾನು ಸಲಿಕೆ ತಂದರೆ ನೀನು ಕೊರಳ ಲಿಂಗ ಮುಟ್ಟಿಕೊಂಡು ಕುಣಿಗೆ ಅಡ್ಡ ಕೂತೆ. ರೋಗದ ಪರೀಕ್ಷೆಗೆ ಒಳಗಿನ ಬೆರಳಷ್ಟು ಮಾಂಸ ಸಾಕಿತ್ತು ನನಗೆ. ನೀನು ಏಳುವಷ್ಟರಲ್ಲಿ ಐಸು ನೀರಾಗಿತ್ತು.

ಬಾಯಿಹುಣ್ಣು, ಮೂಗು ಸೋರುವುದು, ಭೇದಿ ಆಗಿ ಆಡುಗಳು ಸಾಯುತ್ತವಲ್ಲ, ಆ ಪಿಡುಗು ಕಾಡಿನ ಚಿಗರಿಗಳಿಗೂ ಹತ್ತುತ್ತದೆ ಎಂದು ಎರಡು ವರ್ಷದಿಂದ ಬಡಕೊಳ್ಳುತ್ತಿದ್ದೇನೆ. ರುಜುವಾತಾದರೆ ಸುತ್ತಲಿನ ಊರುಗಳ ಆಡಿಗೆಲ್ಲ ಲಸಿಕೆ ಹಾಕಿಸಬಹುದು, ಉಳಿದ ಮೂವತ್ತು ಚಿಗರಿ ಬದುಕಬಹುದು. ನನ್ನ ಗೈಡು ಭೀಮಾಶಂಕರ ಸರ್ ಖಾಲಿ ಡಬ್ಬಿ ನೋಡಿ, "ಸಾಕ ಮಾಡವ್ವಾ, ಕೋಳಿ ಮ್ಯಾಲ ಬರಿ. ಕೋಳಿಗಿ ಮಾಲಕ ಇರತಾನ" ಎಂದರು.

ಮಾಲಕ! ಭೂಕಂಪದ ವರ್ಷ ನಮ್ಮ ತಗಡಿನ ಶೆಡ್ಡಿಗೆ ಬಂದ ದನದ ಡಾಕ್ಟರೂ ಇದನ್ನೇ ಹೇಳಿದ್ದ. ಕಾಲು ಮುರಿದ ಚಿಗರಿ ಮರಿಯನ್ನು ಎತ್ತಿಕೊಂಡು ಹೋದರೆ, "ಇದು ಯಾರದು? ಯಾರ ಹೆಸರಿಗಿ ಬರಕೊಳ್ಳಲಿ?" ಎಂದು ಮುಂದಿನ ಎಮ್ಮೆಯ ಕಡೆ ನಡೆದ. ನನಗಾಗ ಹನ್ನೆರಡು. ಮರಿ ಸಂಜೆಗೆ ಸತ್ತಿತು. ಮನೆಯ ಮಗಳು ದನದ ಡಾಕ್ಟರಾದಳೆಂದು ನೀವೆಲ್ಲ ಹಿಗ್ಗಿದಿರಿ. ನಾನು ಓದಿದ್ದು ಆ ಮರಿಯಂಥವುಗಳಿಗಾಗಿ.

ನೀನೋ, ಹೋದ ತಿಂಗಳ ಕಾಗದದಲ್ಲಿ ಬರೀ ಆಡಿನ ಮರಿಯ ಪುರಾಣ ಬರೆಸಿದ್ದೆ. ಸಂಕ್ರಾಂತಿಗೆ ನಾನು ನಿಲಂಗಾ ಸಂತೆಯಿಂದ ತಂದುಕೊಟ್ಟ ಮರಿಗೆ ಬಾಯಿಹುಣ್ಣಾಗಿತ್ತು, ಮೂಗು ಸೋರುತ್ತಿತ್ತು, ಬೆಣ್ಣೆ ಅರಿಸಿನ ಹಚ್ಚಿ ಉಳಿಸಿಕೊಂಡೆ, ಈಗ ಚಿಗರಿಗಳ ಜೋಡಿ ಹಳ್ಳದಲ್ಲಿ ನೀರು ಕುಡಿಯುತ್ತದೆ ಎಂದು. ಆಗ ನಗುತ್ತ ಓದಿ ಮಡಚಿಟ್ಟಿದ್ದೆ. ನಿನ್ನೆ ಮತ್ತೆ ತೆಗೆದು ಓದಿದೆ.

ಸಾಕು. ಮುಂದೆ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಮೊಂಡ ಮಗಳು,
ಶಾಂಭವಿ

ತಾ.ಕ.: ಈ ಕಾಗದ ಎರಡು ದಿನದಿಂದ ಚೀಲದಲ್ಲೇ ಇದೆ. ಆ ಮರಿ ಸಂತೆಯದಲ್ಲ ಅವ್ವಾ, ಸುಳ್ಳು ಹೇಳಿದ್ದೆ. ಜಳಕೋಟದ ಕಡೆ ಇದೇ ರೋಗ ಬಡಿದ ಹಿಂಡಿನಲ್ಲಿ, ಸತ್ತ ತಾಯಿಯ ಪಕ್ಕ ನಿಂತು ಅರಚುತ್ತಿತ್ತು. ಬಿಟ್ಟು ಬರಲಾಗಲಿಲ್ಲ. ಇಂಥದ್ದನ್ನು ಇಪ್ಪತ್ತೊಂದು ದಿನ ಬೇರೆ ಕಟ್ಟಿ ಎಂದು ಊರೂರಿಗೆ ಹೇಳುವವಳು ನಾನು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಮಡಿಲಲ್ಲಿಟ್ಟುಕೊಂಡು ನೇರ ತಂದು ನಿನ್ನ ಕೈಗೆ ಕೊಟ್ಟೆ. ನೀನು ಮಣ್ಣು ಮಾಡಿದೆ, ಕೊಂದವಳು ನಾನೇ ಇರಬೇಕು. ಗುರುವಾರದ ಬಸ್ಸಿಗೆ ಬರುತ್ತೇನೆ, ಅಲ್ಲಿಯವರೆಗೆ ಒಂದು ಆಡನ್ನೂ ಹಳ್ಳಕ್ಕೆ ಬಿಡಬೇಡ; ಕಾಗದ ತಡವಾದೀತೆಂದು ಕಾಕಾನಿಗೂ ಫೋನಿನಲ್ಲಿ ಹೇಳುತ್ತೇನೆ. ರೋಗದ ಗುರುತು ಇನ್ನೂ ಉಳಿದಿರುವ ಮರಿಯ ರಕ್ತ ತೆಗೆದು ಸರ್ ಮುಂದೆ ಇಡುತ್ತೇನೆ. ರಕ್ತದ ಸೀಸೆಯ ಚೀಟಿಯಲ್ಲಿ ಮಾಲಕರ ಹೆಸರು ಎಂದಿರುವಲ್ಲಿ ನನ್ನದೇ ಬರೆಯುತ್ತೇನೆ.